ಶನಿವಾರ ರಾತ್ರಿ ಮಾವನ ತೂಕ ಏರಿದ್ರೆ ನೋಡೋರು ಯಾರು?

ಪ್ರಶ್ನೆ: ಡಾಕ್ಟ್ರೇ, ನಾನು ಶಿವಮೊಗ್ಗದವಳು, ಮದ್ವೆಯಾಗಿ ಅಮೆರಿಕದ ಓಹಾಯೋದಲ್ಲಿದೀನಿ. ಯಜಮಾನ್ರು ಅಲ್ಲಿಯವರೇ, ಆಫ್ರಿಕನ್ ಅಮೆರಿಕನ್ ಕುಟುಂಬ. ಮಾವನಿಗೆ 77, ವಿಯೆಟ್ನಾಂ ಯುದ್ಧಕ್ಕೆ ಹೋಗಿಬಂದವರು, ಈಗ ಹಾರ್ಟ್ ಫೇಲ್ಯೂರ್, ಅಂದ್ರೆ ಹೃದಯ ರಕ್ತವನ್ನ ಸರಿಯಾಗಿ ಪಂಪ್ ಮಾಡ್ತಿಲ್ಲ, ಮೈಯಲ್ಲಿ ನೀರು ನಿಂತು ತೂಕ ಏರತ್ತೆ. ಹೋದ ತಿಂಗಳು ಡಿಸ್ಚಾರ್ಜ್ ಆದ್ಮೇಲೆ ಮಾಜಿ ಸೈನಿಕರ ಇಲಾಖೆ, ಅದೇ ವಿಎ, ಅವರ ಕಡೆಯಿಂದ ತೂಕದ ಮಷೀನು, ಬಿಪಿ ಮಷೀನು, ಬೆರಳಿಗೆ ಹಾಕೋ ಆಕ್ಸಿಮೀಟರ್, ಒಂದು ಟ್ಯಾಬ್ಲೆಟ್ ಮನೆಗೆ ಬಂತು. ದಿನಾ ಬೆಳಗ್ಗೆ ರೀಡಿಂಗ್ ಕಳಿಸ್ಬೇಕು. ಮಾವ ಚಾಚೂ ತಪ್ಪದೆ ಕಳಿಸ್ತಾರೆ, ಆದ್ರೆ "ನನ್ನ ಮೇಲೆ ಕಾವಲು ಇಟ್ಟಿದಾರೆ" ಅಂತ ಬೇಜಾರು ಮಾಡ್ಕೋತಾರೆ. ಇದ್ರಿಂದ ನಿಜವಾಗ್ಲೂ ಉಪಯೋಗ ಇದ್ಯಾ? ಬೇಡ ಅಂದ್ರೆ ತಪ್ಪಾಗತ್ತಾ?

ಉತ್ತರ: ಮೊದ್ಲು ಎರಡನೇ ಪ್ರಶ್ನೆಗೆ ಹೇಳ್ತೀನಿ, ಬೇಡ ಅನ್ನೋ ಹಕ್ಕು ಅವ್ರಿಗೆ ಪೂರ್ತಿ ಇದೆ, ಇದು ಸ್ವಇಚ್ಛೆಯ ಕಾರ್ಯಕ್ರಮ, ಬಿಟ್ರೂ ಅವರ ಬೇರೆ ಚಿಕಿತ್ಸೆ ನಿಲ್ಲಲ್ಲ. ಇದನ್ನ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ ಸೈನ್ಯದಲ್ಲಿದ್ದವರಿಗೆ ಸರ್ಕಾರದಿಂದ ಒಂದು ಪೆಟ್ಟಿಗೆ ಬಂತು ಅಂದ್ರೆ ಅದು ಆರ್ಡರ್ ಥರಾನೇ ಅನ್ಸುತ್ತೆ, ಒಪ್ಪಿಗೆ ಕೇಳಿದ್ರೂ ಅದು ಕೇಳಿದ ಹಾಗೆ ಕಿವಿಗೆ ಬೀಳಲ್ಲ. ನಿಮ್ಮ ಮಾವ ದಿನಾ ತಪ್ಪದೆ ಕಳಿಸ್ತಾರೆ ಅಂದ್ರಿ, ಆದ್ರೆ ಅದೊಂದ್ರಿಂದ್ಲೇ ಒಪ್ಪಿದಾರೆ ಅಂತ ತಿಳ್ಕೋಬೇಡಿ.

ಇನ್ನು ಉಪಯೋಗದ ಮಾತು. ವಿಎ ಇದನ್ನ ದೊಡ್ಡ ಮಟ್ಟದಲ್ಲಿ ಶುರು ಮಾಡಿದ್ದು 2003ರಲ್ಲಿ. 2007ರ ಹೊತ್ತಿಗೆ ಮೂವತ್ತೊಂದು ಸಾವಿರಕ್ಕೂ ಹೆಚ್ಚು ಜನ ಸೇರಿದ್ರು. 2008ರಲ್ಲಿ ಅವ್ರೇ 17,025 ಜನರ ಲೆಕ್ಕ ಪ್ರಕಟಿಸಿದ್ರು, ಆಸ್ಪತ್ರೆಯಲ್ಲಿ ಮಲಗೋ ದಿನಗಳು 25% ಕಮ್ಮಿ, ಅಡ್ಮಿಷನ್ 19% ಕಮ್ಮಿ ಅಂತ. ಈ ಲೆಕ್ಕವನ್ನ ಇವತ್ತಿಗೂ ಎಲ್ಲಾ ಕಡೆ ತೋರಿಸ್ತಾರೆ. ಆದ್ರೆ ಅದು ಅದೇ ಜನರ ಸೇರೋ ಮುಂಚೆ ಮತ್ತು ಸೇರಿದ ಮೇಲಿನ ಹೋಲಿಕೆ, ಮಷೀನು ಸಿಗದೇ ಇರೋ ಇನ್ನೊಂದು ಗುಂಪು ಪಕ್ಕದಲ್ಲಿ ಇರ್ಲಿಲ್ಲ. ಜ್ವರ 104 ಆದಾಗ ಕಷಾಯ ಕುಡೀತೀವಿ, ಮಾರನೇ ದಿನ ಇಳಿಯತ್ತೆ, ಹೆಸರು ಕಷಾಯಕ್ಕೆ ಬರತ್ತೆ, ತಾನಾಗೇ ಇಳೀತಿತ್ತೋ ಏನೋ. ಹಂಗೇ ಜನ ಸೇರೋದು ತೀರಾ ಹುಷಾರು ತಪ್ಪಿ ಆಸ್ಪತ್ರೆ ಸೇರಿ ಬಂದ ಮೇಲೆ, ಮುಂದಿನ ಆರು ತಿಂಗಳು ಸ್ವಲ್ಪ ಸುಧಾರಿಸೋದು ಸಹಜ.

ಚೀಟಿ ಎತ್ತಿ ಎರಡು ಗುಂಪು ಮಾಡಿ ನೋಡಿದಾಗ ಏನಾಯ್ತು? 2010ರಲ್ಲಿ ಅಮೆರಿಕದ ಟೆಲಿ-ಎಚ್‌ಎಫ್ ಅನ್ನೋ ಅಧ್ಯಯನ, 1,653 ಹಾರ್ಟ್ ಫೇಲ್ಯೂರ್ ರೋಗಿಗಳು, ದಿನಾ ಫೋನಿನ ರೆಕಾರ್ಡೆಡ್ ದನಿಗೆ ತೂಕ ಹೇಳ್ಬೇಕು. ಮತ್ತೆ ಅಡ್ಮಿಟ್ ಆದವರು ಅಥವಾ ತೀರಿಕೊಂಡವರು 52.3%, ಮಾಮೂಲಿ ಚಿಕಿತ್ಸೆಯವರಲ್ಲಿ 51.5%. ಅಂದ್ರೆ ವ್ಯತ್ಯಾಸಾನೇ ಇಲ್ಲ. ಆದ್ರೆ ಜರ್ಮನಿಯಲ್ಲಿ 1,571 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಇಂಥದ್ದೇ ಅಧ್ಯಯನದಲ್ಲಿ ಸಾವು ಕಮ್ಮಿಯಾಯ್ತು, ಮಾಮೂಲಿ ಚಿಕಿತ್ಸೆಯವರಲ್ಲಿ ವರ್ಷಕ್ಕೆ ನೂರಕ್ಕೆ 11.3, ರೀಡಿಂಗ್ ಕಳಿಸಿದವರಲ್ಲಿ 7.9. ಅಲ್ಲಿ ಹಗಲು ರಾತ್ರಿ ಡಾಕ್ಟ್ರು, ನರ್ಸ್ ಪರದೆ ಮುಂದೆ ಕೂತಿದ್ರು, ತೂಕ ಏರಿದ್ರೆ ಫೋನ್ ಮಾಡಿ ಮಾತ್ರೆ ಬದಲಾಯಿಸ್ತಿದ್ರು. ಅಂದ್ರೆ ರೀಡಿಂಗ್ ಕೂಡ್ಲೇ ನೋಡೋರು ಇದ್ರೇನೇ ಉಪಯೋಗ, ನನ್ನ ಅನುಭವನೂ ಅದೇ. ಬೆಂಗಳೂರಲ್ಲಿ ನಾನು ಕೆಲಸ ಮಾಡಿದ ಒಂದು ಕಡೆ ಶನಿವಾರ ಸಂಜೆ ಬಂದ ರೀಡಿಂಗ್ ಸೋಮವಾರ ಬೆಳಗ್ಗೆ ತೆರೆದ್ವಿ, ಅಷ್ಟೊತ್ತಿಗೆ ಆ ಅಜ್ಜ ಐಸಿಯುನಲ್ಲಿದ್ರು. ಮನೆಯವ್ರು "ಕಳಿಸಿದ್ವಲ್ಲ ಸಾರ್" ಅಂದ್ರು. ಅವ್ರಿಗೆ ಯಾರೋ ನೋಡ್ತಿದಾರೆ ಅನ್ನೋ ಧೈರ್ಯ ಕೊಟ್ಟಿದ್ದು ನಾವೇ, ಇವತ್ತಿಗೂ ನೆನೆಸ್ಕೊಂಡ್ರೆ ಸಂಕಟ ಆಗತ್ತೆ.

ಅದಕ್ಕೇ ಮಾವನ ರೀಡಿಂಗ್ ನೋಡೋ ವಿಎ ನರ್ಸ್ ಹತ್ರ ಕೇಳಿ, ರಾತ್ರಿ ಮತ್ತು ವಾರಾಂತ್ಯ ಯಾರು ನೋಡ್ತಾರೆ, ಎಷ್ಟೊತ್ತಲ್ಲಿ ಫೋನ್ ಬರತ್ತೆ, ಬರೆದು ಕೊಡಿ ಅಂತ. ವಿಎದ ಈ ವ್ಯವಸ್ಥೆ ಎಮರ್ಜೆನ್ಸಿ ಸರ್ವಿಸ್ ಅಲ್ಲ, ಉಸಿರು ಕಟ್ಟಿದ್ರೆ ಟ್ಯಾಬ್ಲೆಟ್ ಮುಟ್ಟೋದಲ್ಲ, ಅಲ್ಲಿಯ ಎಮರ್ಜೆನ್ಸಿ ನಂಬರ್ 911ಕ್ಕೆ ಫೋನ್ ಮಾಡೋದು.

ಆಕ್ಸಿಮೀಟರ್ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಕಪ್ಪು ಚರ್ಮದವರಲ್ಲಿ ಅದು ಆಮ್ಲಜನಕವನ್ನ ನಿಜಕ್ಕಿಂತ ಜಾಸ್ತಿ ತೋರಿಸೋ ಸಾಧ್ಯತೆ ಇದೆ. 2020ರಲ್ಲಿ ಬಂದ ಅಧ್ಯಯನದಲ್ಲಿ ಮಷೀನು 92ರಿಂದ 96 ತೋರಿಸ್ತಿದ್ದಾಗ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕೆಳಗಿದ್ದದ್ದು ಕಪ್ಪು ವರ್ಣೀಯರಲ್ಲಿ 11.7% ಸಲ, ಬಿಳಿಯರಲ್ಲಿ 3.6% ಸಲ. 2022ರಲ್ಲಿ ವಿಎ ಆಸ್ಪತ್ರೆಗಳ ಡೇಟಾದಲ್ಲೂ ಇಂಥದ್ದೇ ವ್ಯತ್ಯಾಸ ಕಾಣಿಸ್ತು. ಹಾಗಾಗಿ 94 ಇದೆ ಅಂತ ನಂಬ್ಕೊಂಡು ಕೂರ್ಬೇಡಿ, ಮಾತಾಡುವಾಗ ಏದುಸಿರು ಬರ್ತಿದ್ರೆ ನಂಬರ್ ಏನೇ ಇರ್ಲಿ ಫೋನ್ ಮಾಡಿ.

ತೂಕದ ಮಷೀನು ಕಾರ್ಪೆಟ್ ಮೇಲಿದ್ರೆ ತೆಗೆದು ಗಟ್ಟಿ ನೆಲದ ಮೇಲಿಡಿ. ಬೆಳಗ್ಗೆ ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ಒಂದೇ ಥರದ ಬಟ್ಟೆಯಲ್ಲಿ ನಿಲ್ಲಲಿ. ಒಂದು ದಿನದಲ್ಲಿ ಮೂರು ಪೌಂಡ್, ವಾರದಲ್ಲಿ ಐದು ಪೌಂಡ್ ಏರಿದ್ರೆ ಅದು ಊಟದ್ದಲ್ಲ, ನೀರು ನಿಂತಿರೋದು. ಸಾಕ್ಸ್ ಬಿಚ್ಚಿದಾಗ ಕಾಲ ಮೇಲೆ ಗುಳಿ ಬಿದ್ದಿದ್ಯಾ ನೋಡಿ.

ಕಾವಲು ಅಂದ್ರಲ್ಲ, ಅದಕ್ಕೆ ಒಂದು ಕೆಲಸ ಮಾಡಿ. ಆ ನಂಬರ್‌ಗಳನ್ನ ಮಾವನೇ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಲಿ, ಈ ಮಾಹಿತಿ ಯಾರ್ಯಾರು ನೋಡ್ತಾರೆ ಅಂತ ನರ್ಸ್‌ನ ಅವ್ರೇ ಕೇಳ್ಲಿ. ಮೂರು ತಿಂಗಳು ಬಿಟ್ಟು ನೀವು ಮೂರೂ ಜನ ಕೂತು ಆ ಪುಸ್ತಕ ತೆಗೆದು ನೋಡಿ, ತೂಕ ಏರಿದ ದಿನ ಫೋನ್ ಬಂತಾ, ಮಾತ್ರೆ ಬದಲಾಯ್ತಾ. ಏನೂ ಆಗ್ಲಿಲ್ಲ ಅಂದ್ರೆ ಆ ಪುಸ್ತಕವನ್ನೇ ಅವ್ರ ಡಾಕ್ಟ್ರ ಮುಂದೆ ಇಡಿ, ಆಮೇಲೆ ಮುಂದುವರಿಸೋದೋ ಬಿಡೋದೋ ಮಾವನೇ ಹೇಳ್ಲಿ.