ಪ್ಯಾಕೇಜ್ ಆಮೇಲೆ, ಮೊದಲು ಬಾಯಿ, ಬಿಪಿ, ಶುಗರ್ ನೋಡಿಸಿ

ಪ್ರಶ್ನೆ: ನನಗೆ 46 ವರ್ಷ. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇದೆ. ಅಡಿಕೆ, ಹೊಗೆಸೊಪ್ಪು ಹಾಕುವ ಅಭ್ಯಾಸ ಹಳೆಯದು, ಬೇರೆ ತೊಂದರೆ ಏನಿಲ್ಲ. ತಂದೆಗೆ 68. ಬೀಡಿ ಸೇದುತ್ತಿದ್ದರು, ಲಕ್ವ ಹೊಡೆದು ಚೇತರಿಸಿಕೊಂಡಿದ್ದಾರೆ. ಈಗ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ. ತಮ್ಮನಿಗೆ 27. ಮೂವರಿಗೂ ಒಂದೇ ‘ಫುಲ್ ಬಾಡಿ ಚೆಕಪ್’ ಮಾಡಿಸಿದರೆ ಸಾಕೇ?

ಉತ್ತರ: ಸಾಲದು. ರಕ್ತದ ಎಪ್ಪತ್ತು ಅಂಶಗಳ ರಿಪೋರ್ಟ್ ಕೈಗೆ ಬರಬಹುದು. ಆದರೆ ನಿಮ್ಮ ಬಾಯೊಳಗೆ ಯಾರೂ ಟಾರ್ಚ್ ಹಿಡಿದು ನೋಡಿರುವುದಿಲ್ಲ. ನಿಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ತಪಾಸಣೆ ಅದೇ.

ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಜಗಿದರೂ ಬಾಯಿ ಕ್ಯಾನ್ಸರ್ ಬರುತ್ತದೆ. ನಾಳೆ ಬೆಳಿಗ್ಗೆ ಬಾಯಿ ಮುಕ್ಕಳಿಸಿ, ಬೆಳಕಿನಲ್ಲಿ ಕನ್ನಡಿ ಮುಂದೆ ನಿಂತು, ಸೊಪ್ಪು ಒತ್ತಿಡುವ ಕಡೆಯ ಕೆನ್ನೆಯನ್ನು ಬೆರಳಿಂದ ಎಳೆದು ನೋಡಿ. ನಾಲಿಗೆಯ ಅಡಿ, ಪಕ್ಕಗಳನ್ನೂ ಬಿಡಬೇಡಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಸಾರಿನ ಖಾರಕ್ಕೇ ಉರಿಯುವ ಬಾಯಿ, ಮೂರು ಬೆರಳು ಒಂದರ ಮೇಲೊಂದು ಹಿಡಿಸದಷ್ಟು ಬಿಗಿದ ದವಡೆ, ಇವುಗಳಲ್ಲಿ ಒಂದಿದ್ದರೂ ದಂತವೈದ್ಯರಿಗೋ ಇಎನ್‌ಟಿ ವೈದ್ಯರಿಗೋ ತಕ್ಷಣ ತೋರಿಸಿ. ನೋವಿಲ್ಲ ಎಂದು ಸುಮ್ಮನಿರಬೇಡಿ, ಶುರುವಿನಲ್ಲಿ ಈ ಕ್ಯಾನ್ಸರ್ ಹೆಚ್ಚಾಗಿ ನೋಯುವುದಿಲ್ಲ. ಕಣ್ಣಿಗೆ ಏನೂ ಕಾಣದಿದ್ದರೂ ಒಮ್ಮೆ ವೈದ್ಯರಿಂದಲೇ ನೋಡಿಸಿ. ಅಭ್ಯಾಸ ಬಿಡಲೇಬೇಕು. ಬಿಡುವುದು ಕಷ್ಟ ಅಂತ ಗೊತ್ತು, ಅದಕ್ಕೂ ಔಷಧಿ, ಸಲಹೆ ಇದೆ, ಕೇಳಿ ಪಡೆಯಿರಿ.

ಆಮೇಲೆ ಬಿಪಿ. ತಂದೆಗೆ ಲಕ್ವ ಹೊಡೆದ ಮನೆಯಲ್ಲಿ ಇದನ್ನು ಮುಂದೂಡುವಂತಿಲ್ಲ. ಹರಾಜು ಮುಗಿಸಿ ಓಡಿಬಂದು ತೋಳು ಚಾಚಿದರೆ ಸರಿಯಾದ ಅಂಕಿ ಸಿಗದು. ಟೀ, ಬೀಡಿ, ಸೊಪ್ಪು ಅರ್ಧ ಗಂಟೆ ಮುಂಚೆಯೇ ನಿಲ್ಲಿಸಿ, ಮೂತ್ರಕ್ಕೆ ಹೋಗಿಬಂದು, ಬೆನ್ನು ಆನಿಸಿ ಐದು ನಿಮಿಷ ಕೂರಬೇಕು. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಬಿಪಿ ಕಾಯಿಲೆಯೇ.

ಶುಗರ್‌ಗೆ ಎಂಟು ಗಂಟೆ ಖಾಲಿ ಹೊಟ್ಟೆ ಬೇಕು, ನೀರು ಮಾತ್ರ ಕುಡಿಯಬಹುದು. ಮಂಡಿಯಲ್ಲಿ ನಸುಕಿಗೇ ಟೀ ಕುಡಿದಿದ್ದರೆ ಆ ಪರೀಕ್ಷೆ ಕೆಟ್ಟಂತೆ. ಅಂಥವರಿಗೆ ಊಟ, ಟೀ ಲೆಕ್ಕಕ್ಕೆ ಬಾರದ ಎಚ್‌ಬಿಎ1ಸಿ ಒಳ್ಳೆಯದು, ಆ ರಕ್ತಪರೀಕ್ಷೆ ಸುಮಾರು ಮೂರು ತಿಂಗಳ ಶುಗರ್ ಸರಾಸರಿ ಹೇಳುತ್ತದೆ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. 5.7ರಿಂದ 6.4 ಇದ್ದರೆ ಅದರ ಹಾದಿ, ಹಿಂದಿರುಗಲು ಅವಕಾಶ ಇನ್ನೂ ಇದೆ. ಜೊತೆಗೆ ಕೊಲೆಸ್ಟ್ರಾಲ್ ನೋಡಿಸಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನೀವೇ ತೀರ್ಮಾನಿಸಬೇಡಿ.

ತಂದೆಯವರದು ಬೇರೆ ವಿಷಯ. ಅವರಿಗೆ ತೊಂದರೆ ಕಾಣಿಸಿಕೊಂಡಾಗಿದೆ, ಆದ್ದರಿಂದ ಪ್ಯಾಕೇಜ್ ಅಲ್ಲ, ವೈದ್ಯರು ಬೇಕು. ರಾತ್ರಿ ಮೂತ್ರಕ್ಕೆ ಏಳುವುದು ಈ ವಯಸ್ಸಿನಲ್ಲಿ ಹೆಚ್ಚಾಗಿ ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ಊದಿದ್ದರಿಂದ, ಸಕ್ಕರೆ ಕಾಯಿಲೆಯಿಂದಲೂ ಆಗುತ್ತದೆ. ಪಿಎಸ್‌ಎ ಎಂಬ, ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವು ನೋಡುವ ರಕ್ತಪರೀಕ್ಷೆ ಬೇಕೇ ಎಂಬುದನ್ನು ವೈದ್ಯರು ಪರೀಕ್ಷಿಸಿ ಹೇಳಲಿ. ಊತಕ್ಕೂ ಸೋಂಕಿಗೂ ಪಿಎಸ್‌ಎ ಏರುತ್ತದೆ. ಪ್ಯಾಕೇಜಿನಲ್ಲಿ ಬಂದ ಆ ಒಂದು ಅಂಕಿಗೆ ಹೆದರಿ ಬಯಾಪ್ಸಿವರೆಗೂ ಹೋಗುವವರಿದ್ದಾರೆ, ಅದು ನನಗೆ ಬೇಸರದ ಸಂಗತಿ. 65ರಿಂದ 75ರೊಳಗಿನ, ಬೀಡಿ ಸಿಗರೇಟು ಸೇದಿದ ಗಂಡಸರಿಗೆ ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿದೆಯೇ ಎಂದು ಒಮ್ಮೆ ಸ್ಕ್ಯಾನ್ ಮಾಡಿಸುವುದು ಒಳಿತು, ವೈದ್ಯರನ್ನು ಕೇಳಿ. ಎಲ್ಲಕ್ಕೂ ಮೊದಲು, ಬಿಪಿ ನಾರ್ಮಲ್ ಬಂತೆಂದು ಮಾತ್ರೆ ನಿಲ್ಲಿಸಿದ್ದಾರೆಯೇ ವಿಚಾರಿಸಿ. ನಾರ್ಮಲ್ ಬಂದಿರುವುದೇ ಮಾತ್ರೆಯಿಂದ.

ತಮ್ಮನಿಗೆ ವರ್ಷಕ್ಕೊಮ್ಮೆ ಬಿಪಿ ಸಾಕು. ಸೊಂಟದ ಸುತ್ತಳತೆ 90 ಸೆಂ.ಮೀ. ದಾಟಿದ್ದರೆ ಶುಗರ್ ಕೂಡ ಈಗಲೇ ನೋಡಿಸಿ, 30 ಆಗಲೆಂದು ಕಾಯಬೇಡಿ. ವೃಷಣದಲ್ಲಿ ನೋವಿಲ್ಲದ ಗಟ್ಟಿ ಗಂಟು ಕೈಗೆ ಸಿಕ್ಕರೆ ಸಂಕೋಚಪಡದೆ ತೋರಿಸಲು ಹೇಳಿ, ಆ ಕ್ಯಾನ್ಸರ್ ಹೆಚ್ಚಾಗಿ ಬರುವುದೇ ಎಳೆ ವಯಸ್ಸಿನವರಿಗೆ.

ಇದರಲ್ಲಿ ಬಹುಪಾಲಿಗೆ ದುಡ್ಡು ಬೇಕಿಲ್ಲ. 30 ದಾಟಿದವರಿಗೆ ಬಿಪಿ, ಶುಗರ್, ಬಾಯಿ ತಪಾಸಣೆ ನಿಮ್ಮೂರ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ‘ನಂಗೇನಾಗಿದೆ’ ಎಂದು ವಾಪಸ್ ಕಳಿಸಬೇಡಿ, ನಿಮ್ಮ ಹೆಸರನ್ನೂ ಬರೆಸಿ.