ಸ್ಕ್ಯಾನ್ ಸೊಟ್ಟಗೆ ಬರ್ತಿದೆಯಾ? ರೋಲರಿಗೂ ಮೊದಲು ಕಾಗದದ ಕಟ್ಟು ನೋಡಿ

ಪ್ರಶ್ನೆ: ನಾನು ವಕೀಲರ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಕೇಸಿನ ಕಡತಗಳನ್ನು ಮಲ್ಟಿಫಂಕ್ಷನ್ ಪ್ರಿಂಟರಿನಲ್ಲಿ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಬೇಕು. ಮೇಲಿನ ಫೀಡರಿಗೆ ಕಟ್ಟು ಹಾಕಿದರೆ ಕೆಲವು ಪುಟ ಎಡಕ್ಕೆ, ಕೆಲವು ಬಲಕ್ಕೆ ವಾಲಿಕೊಂಡು ಬರುತ್ತವೆ. ಗಾಜಿನ ಮೇಲೆ ಒಂದೊಂದೇ ಇಟ್ಟರೆ ಸರಿಯಾಗಿರುತ್ತದೆ. ಸರ್ವಿಸಿನವರು ಕಾಗದ ಎಳೆಯುವ ರಬ್ಬರ್ ರೋಲರ್ ಬದಲಾಯಿಸಿ ಅಂತಾರೆ. ಬದಲಾಯಿಸಲೇಬೇಕಾ? ಆಗಲೇ ಸೊಟ್ಟಗೆ ಸ್ಕ್ಯಾನ್ ಆಗಿರುವ ನೂರಾರು ಪುಟಗಳಿಗೆ ಏನು ಮಾಡುವುದು?

ಉತ್ತರ: ರೋಲರಿಗೆ ಈಗಲೇ ದುಡ್ಡು ಹಾಕಬೇಡಿ. ನಿಮ್ಮ ಪ್ರಶ್ನೆಯಲ್ಲೇ ಎರಡು ಸುಳಿವು ಇವೆ. ಗಾಜಿನ ಮೇಲೆ ಕಾಗದ ನಿಂತಿರುತ್ತದೆ, ಪುಟವನ್ನು ಓದುವ ಸೆನ್ಸರ್ ಪಟ್ಟಿ ಚಲಿಸುತ್ತದೆ. ಫೀಡರಿನಲ್ಲಿ ಉಲ್ಟಾ: ಪಟ್ಟಿ ನಿಂತಿರುತ್ತದೆ, ಕಾಗದ ಅದರ ಮೇಲೆ ಹಾದುಹೋಗುತ್ತದೆ. ಗಾಜಿನ ಮೇಲೆ ನೆಟ್ಟಗೆ ಬರ್ತಿದೆ ಅಂದರೆ ಓದುವ ಭಾಗ ಸರಿಯಿದೆ, ಕಾಗದದ ನಡಿಗೆಯಲ್ಲಿ ತೊಂದರೆ ಇದೆ. ಇನ್ನೊಂದು ಸುಳಿವು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಿರುವುದು. ಯಂತ್ರದ ಜೋಡಣೆಯೇ ತಪ್ಪಿದ್ದರೆ ಸಾಮಾನ್ಯವಾಗಿ ಎಲ್ಲ ಪುಟವೂ ಒಂದೇ ಕಡೆ ವಾಲುತ್ತವೆ.

ವಕೀಲರ ಕಚೇರಿಯ ಕಡತ ಅಂದಮೇಲೆ ಎ4 ಮತ್ತು ಲೀಗಲ್ ಹಾಳೆ ಬೆರೆತೇ ಇರುತ್ತವೆ, ಅಲ್ವಾ? ನನ್ನ ಮೊದಲ ಅನುಮಾನ ಅಲ್ಲೇ. ಎ4 ಅಗಲ 210 ಮಿ.ಮೀ., ಲೀಗಲ್ ಅಗಲ ಸುಮಾರು 216 ಮಿ.ಮೀ. ಫೀಡರಿನ ಎರಡು ಬದಿಯ ಗೈಡುಗಳನ್ನು ಲೀಗಲ್ ಹಾಳೆಗೆ ತಾಗಿಸಿ ಇಟ್ಟಿರುತ್ತೀರಿ. ಅದೇ ಕಟ್ಟಿನಲ್ಲಿ ಎ4 ಬಂದಾಗ 6 ಮಿ.ಮೀ. ಜಾಗ ಸಡಿಲ ಸಿಗುತ್ತದೆ. ನೋಡೋಕೆ ಕಡಿಮೆ ಅನಿಸಬಹುದು. ಆದರೆ ಎ4 ಪುಟ ಒಂದೇ ಒಂದು ಡಿಗ್ರಿ ತಿರುಗಿದರೂ ಮೇಲಿಂದ ಕೆಳಗೆ ಬರುವಷ್ಟರಲ್ಲಿ ಅಂಚು 5 ಮಿ.ಮೀ. ಸರಿದಿರುತ್ತದೆ. 6 ಮಿ.ಮೀ. ಸಡಿಲ ಇದ್ದರೆ ಅಷ್ಟು ವಾಲುವುದು ಸಲೀಸು. ಆದ್ದರಿಂದ ಎ4 ಒಂದು ಕಟ್ಟು, ಲೀಗಲ್ ಇನ್ನೊಂದು ಕಟ್ಟು ಮಾಡಿ. ಪ್ರತಿ ಕಟ್ಟಿಗೂ ಗೈಡನ್ನು ಮತ್ತೆ ಹೊಂದಿಸಿ. ಹಾಳೆಗೆ ತಾಗಬೇಕು, ಆದರೆ ಹಾಳೆ ಬಾಗುವಷ್ಟು ಒತ್ತಬಾರದು. ಪಿಡಿಎಫ್ ಆದಮೇಲೆ ಪುಟಗಳನ್ನು ಕಡತದ ಕ್ರಮಕ್ಕೆ ಜೋಡಿಸಿಕೊಳ್ಳಬಹುದು. ಇದು ಹೆಚ್ಚಿನ ಕೆಲಸ ನಿಜ, ಆದರೆ ಸೊಟ್ಟ ಪುಟ ಹುಡುಕಿ ಮತ್ತೆ ಸ್ಕ್ಯಾನ್ ಮಾಡುವುದಕ್ಕಿಂತ ಕಡಿಮೆ.

ಆಮೇಲೆ ಹಾಳೆಯ ಮೂಲೆಗಳು. ಪಿನ್ ಕಿತ್ತ ಜಾಗ, ಟ್ಯಾಗ್ ಹಾಕಿದ ತೂತು, ಮಡಚಿದ ಕಿವಿ, ಇವೆಲ್ಲ ಇರುವುದು ಮೇಲಿನ ಎಡ ಮೂಲೆಯಲ್ಲೇ. ಆ ಮೂಲೆ ಮೊದಲು ಒಳಗೆ ಹೋದರೆ ಒಂದು ಬದಿ ತಡೆದು ನಿಲ್ಲುತ್ತದೆ, ಇನ್ನೊಂದು ಬದಿ ಮುಂದೆ ಹೋಗುತ್ತದೆ. ಹಾಳೆ ತಿರುಗದೆ ಏನಾಗುತ್ತದೆ? ಇದಕ್ಕೆ ಸುಲಭದ ಉಪಾಯ ಇದೆ: ಕಟ್ಟನ್ನು ತಲೆಕೆಳಗು ಮಾಡಿ, ಪುಟದ ಬುಡ ಮೊದಲು ಹೋಗುವ ಹಾಗೆ ಹಾಕಿ. ಪಿಡಿಎಫಿನಲ್ಲಿ 180 ಡಿಗ್ರಿ ತಿರುಗಿಸಿದರೆ ಸಾಕು, ಅದರಿಂದ ಅಕ್ಷರ ಮಸುಕಾಗುವುದಿಲ್ಲ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಸುರುಳಿ ಆಗುತ್ತದೆ. ಹಾಕುವ ಮೊದಲು ಕಟ್ಟನ್ನು ಬೀಸಿ ಬಿಡಿಸಿ, ಮೇಜಿಗೆ ಕುಟ್ಟಿ ಅಂಚು ಸಮ ಮಾಡಿ. ಟ್ರೇ ತುಂಬ ತುರುಕಬೇಡಿ.

ಇಷ್ಟು ಮಾಡಿಯೂ ಸರಿಯಾಗದಿದ್ದರೆ ಒಂದು ಪರೀಕ್ಷೆ ಮಾಡಿ. ಹೊಸ ಎ4 ಹಾಳೆ ತಗೊಂಡು, ಎಡ ಅಂಚಿನಿಂದ 2 ಸೆಂ.ಮೀ. ಬಿಟ್ಟು ಮೇಲಿಂದ ಕೆಳಗೆ ಸ್ಕೇಲಿನಲ್ಲಿ ಗೆರೆ ಎಳೆಯಿರಿ. ಮೇಲಂಚಿನಿಂದಲೂ ಅಷ್ಟೇ ಬಿಟ್ಟು ಅಡ್ಡ ಗೆರೆ ಎಳೆಯಿರಿ. ಪ್ರಿಂಟ್ ತೆಗೆದ ಹಾಳೆ ಬೇಡ, ಪ್ರಿಂಟೇ ಸೊಟ್ಟಗಿರಬಹುದು. ಗೈಡ್ ಹೊಂದಿಸಿ, ಅದನ್ನೇ ನಾಲ್ಕೈದು ಸಲ ಫೀಡರಿನಲ್ಲಿ ಸ್ಕ್ಯಾನ್ ಮಾಡಿ. ಪ್ರತಿ ಸಲವೂ ಬೇರೆ ಬೇರೆ ಕಡೆ ವಾಲಿದರೆ ರೋಲರ್ ಜಾರುತ್ತಿದೆ. ಪ್ರತಿ ಸಲವೂ ಒಂದೇ ಕಡೆ, ಒಂದೇ ಅಳತೆಗೆ ವಾಲಿದರೆ ರೋಲರಿನ ಒಂದು ಬದಿ ಸವೆದಿರಬಹುದು, ಇಲ್ಲವೇ ಫೀಡರಿನ ಜೋಡಣೆ ತಪ್ಪಿರಬಹುದು. ಎಷ್ಟೋ ಯಂತ್ರಗಳಲ್ಲಿ ಇದನ್ನು ಸರಿಪಡಿಸಲು ಹಿಂಜಿನ ಹತ್ತಿರ ಸ್ಕ್ರೂ ಇರುತ್ತದೆ. ಅದು ಸರ್ವಿಸಿನವರ ಕೆಲಸ, ನೀವು ಕೈ ಹಾಕಬೇಡಿ. ಒಂದು ಗೆರೆ ವಾಲಿ, ಇನ್ನೊಂದು ನೆಟ್ಟಗೇ ಇದ್ದರೆ ಪುಟ ಬರೀ ತಿರುಗಿಲ್ಲ, ಆಕಾರವೇ ಓರೆಯಾಗಿದೆ. ಪುಟ ತಿರುಗಿಸಿ ಅದನ್ನು ಸರಿ ಮಾಡಲು ಆಗುವುದಿಲ್ಲ. ಈ ಸ್ಕ್ಯಾನುಗಳನ್ನು ಸರ್ವಿಸಿನವರಿಗೆ ತೋರಿಸಿ, ಮಾತು ಬೇಗ ಮುಗಿಯುತ್ತದೆ.

ರೋಲರ್ ಜಾರುತ್ತಿದ್ದರೂ ಮೊದಲು ಒರೆಸಿ ನೋಡಿ. ಪ್ಲಗ್ ತೆಗೆದು, ಫೀಡರಿನ ಮುಚ್ಚಳ ಎತ್ತಿ, ನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ, ನೂಲು ಬಿಡದ ಬಟ್ಟೆಯಿಂದ ರಬ್ಬರನ್ನು ತಿರುಗಿಸುತ್ತಾ ಒರೆಸಿ. ಬಟ್ಟೆಗೆ ಬೂದು ಬಣ್ಣದ ಕಾಗದದ ಪುಡಿ ಅಂಟುತ್ತದೆ. ಪೂರ್ತಿ ಒಣಗಿದ ಮೇಲೆ ಮುಚ್ಚಿ. ಥಿನ್ನರ್, ಪೆಟ್ರೋಲ್ ಮುಟ್ಟಿಸಬೇಡಿ. ಒರೆಸಿದ ಮೇಲೂ ರಬ್ಬರ್ ಗಾಜಿನ ಹಾಗೆ ನುಣ್ಣಗೆ ಹೊಳೆಯುತ್ತಿದ್ದರೆ ಬದಲಾಯಿಸಿ. ಆಗ ಅದರ ಜೊತೆಗಿರುವ, ಹಾಳೆಗಳನ್ನು ಒಂದೊಂದಾಗಿ ಬಿಡಿಸುವ ಸೆಪರೇಶನ್ ಪ್ಯಾಡನ್ನೂ ಹೊಸದು ಹಾಕಿಸಿಕೊಳ್ಳಿ.

ಒಂದು ಮಾತು ಒತ್ತಿ ಹೇಳುತ್ತೇನೆ. ಹಳೆಯ ಕ್ರಯಪತ್ರ, ಛಾಪಾ ಕಾಗದ, ಹರಿದ ಪಹಣಿ, ಇವುಗಳ ಮೂಲ ಪ್ರತಿಯನ್ನು ಫೀಡರಿಗೆ ಹಾಕಲೇಬೇಡಿ. ಸೊಟ್ಟ ಬಂದರೆ ಮತ್ತೆ ಸ್ಕ್ಯಾನ್ ಮಾಡಬಹುದು, ಹರಿದರೆ ಕಕ್ಷಿದಾರರಿಗೆ ಏನು ಹೇಳ್ತೀರಿ? ಗಾಜಿನ ಮೇಲೇ ಇಡಿ. ಗಾಜು ಎ4 ಅಳತೆಯದಾಗಿದ್ದು ಹಾಳೆ ಲೀಗಲ್ ಆಗಿದ್ದರೆ, ಎರಡು ಸಲಕ್ಕೆ ಸ್ಕ್ಯಾನ್ ಮಾಡಿ. ಮಧ್ಯದ ನಾಲ್ಕೈದು ಸಾಲು ಎರಡರಲ್ಲೂ ಬರಲಿ.

ಇನ್ನು ಆಗಲೇ ಸೊಟ್ಟಗಿರುವ ಪುಟಗಳು. ಒಂದೆರಡು ಡಿಗ್ರಿ ಆದರೆ ಸಾಫ್ಟ್‌ವೇರ್ ಚೆನ್ನಾಗಿಯೇ ಸರಿ ಮಾಡುತ್ತದೆ. ಉಚಿತವಾಗಿ ಸಿಗುವ ನ್ಯಾಪ್ಸ್2 (NAPS2) ಅನ್ನುವ ಸ್ಕ್ಯಾನಿಂಗ್ ಸಾಫ್ಟ್‌ವೇರಿನಲ್ಲಿ ಡೆಸ್ಕ್ಯೂ (Deskew) ಅನ್ನುವ ಆಯ್ಕೆ ಇದೆ. ಪುಟಗಳನ್ನು ಅದಕ್ಕೆ ಇಂಪೋರ್ಟ್ ಮಾಡಿ ಎಲ್ಲವನ್ನೂ ಒಟ್ಟಿಗೆ ನೆಟ್ಟಗೆ ಮಾಡಬಹುದು. ಹೀಗೆ ಸ್ವಲ್ಪವೇ ತಿರುಗಿಸಿದಾಗ ಮಾತ್ರ ಚಿತ್ರದ ಚುಕ್ಕಿಗಳನ್ನು ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ, ಅಕ್ಷರ ಕೊಂಚ ಮೆತ್ತಗಾಗುತ್ತದೆ. ಅದಕ್ಕೇ ಮುಂದೆ 300 ಡಿಪಿಐನಲ್ಲಿ, ಬರೀ ಕಪ್ಪು-ಬಿಳುಪಿನ ಬದಲು ಗ್ರೇಸ್ಕೇಲಿನಲ್ಲಿ ಸ್ಕ್ಯಾನ್ ಮಾಡಿ.

ಕನ್ನಡ ದಾಖಲೆಗಳಿಗೆ ಓಸಿಆರ್ (ಸ್ಕ್ಯಾನ್ ಚಿತ್ರದ ಅಕ್ಷರ ಗುರುತಿಸಿ ಪಠ್ಯವಾಗಿಸುವುದು) ಮಾಡುವುದಿದ್ದರೆ ನೆಟ್ಟಗೆ ಮಾಡುವ ಕೆಲಸ ಮೊದಲು, ಓಸಿಆರ್ ಆಮೇಲೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದಿರುತ್ತವೆ. ಪುಟ ವಾಲಿದರೆ ಒತ್ತು ಯಾವ ಸಾಲಿನದು ಅಂತ ಸಾಫ್ಟ್‌ವೇರಿಗೆ ಗೊಂದಲ ಆಗುತ್ತದೆ.

ಸರ್ವೆ ನಕ್ಷೆ, ಹಿಸ್ಸಾ ಟಿಪ್ಪಣಿ ಇರುವ ಪುಟಗಳಿಗೆ ಮಾತ್ರ ಡೆಸ್ಕ್ಯೂ ಬೇಡ. ಅಲ್ಲಿ ಜಮೀನಿನ ಗಡಿಯೇ ಓರೆ ಗೆರೆ. ಅದನ್ನು ಸಾಲು ಅಂದುಕೊಂಡು ಸಾಫ್ಟ್‌ವೇರ್ ಇಡೀ ಪುಟವನ್ನೇ ತಿರುಗಿಸಿಬಿಡಬಹುದು. ಆ ಪುಟಗಳನ್ನು ಬೇರೆ ಇಟ್ಟುಕೊಂಡು ಗಾಜಿನ ಮೇಲೆ ಹೊಸದಾಗಿ ಸ್ಕ್ಯಾನ್ ಮಾಡಿ.