ಒಂದೂವರೆ ವರ್ಷಕ್ಕೇ ಫ್ಲ್ಯಾಟಿನ ಗೋಡೆ ಬಿರುಕು ಬಿಟ್ಟರೆ?

ಪ್ರಶ್ನೆ: ಬೆಂಗಳೂರಿನಲ್ಲಿ ಸಾಲ ಮಾಡಿ ಫ್ಲ್ಯಾಟ್ ತಗೊಂಡೆವು. ಬೀಗದ ಕೈ ಸಿಕ್ಕಿ ಒಂದೂವರೆ ವರ್ಷ ಆಯಿತು. ಈಗ ಕಿಟಕಿ ಮೂಲೆಯಿಂದ ಗೋಡೆ ಓರೆಯಾಗಿ ಬಿರುಕು ಬಿಟ್ಟಿದೆ. ಮೇಲಿನ ಮನೆಯ ಬಚ್ಚಲ ನೀರು ನಮ್ಮ ಸೀಲಿಂಗಿನಲ್ಲಿ ಜಿನುಗುತ್ತಿದೆ. ಬಿಲ್ಡರ್ ಮಾತ್ರ, ‘ಅಗ್ರಿಮೆಂಟ್‌ನಲ್ಲಿ ಒಂದೇ ವರ್ಷ ಅಂತ ಇದೆ, ಮುಗೀತು’ ಅನ್ನುತ್ತಾರೆ. ಏನಾದರೂ ದಾರಿ ಇದೆಯಾ ಸರ್?

ಉತ್ತರ: ಖಂಡಿತ ಇದೆ. ಅಗ್ರಿಮೆಂಟ್‌ನಲ್ಲಿ ಒಂದು ವರ್ಷ ಅಂತ ಬರೆದುಬಿಟ್ಟರೆ ಕಾನೂನು ಬದಲಾಗೋದಿಲ್ಲ. 2016ರ ರೇರಾ ಕಾಯ್ದೆಯ, ಅಂದರೆ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ 14(3)ನೇ ಸೆಕ್ಷನ್ ತೆಗೆದು ನೋಡಿ. ಮನೆ ಕೈಗೆ ಬಂದ ದಿನದಿಂದ 5 ವರ್ಷದೊಳಗೆ ಕಟ್ಟಡದಲ್ಲಾಗಲಿ, ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡು ನೀವು ತಿಳಿಸಿದರೆ, ಬಿಲ್ಡರ್ 30 ದಿನದೊಳಗೆ ತಮ್ಮದೇ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು. ಮಾಡದಿದ್ದರೆ ಪರಿಹಾರ ಕೇಳುವ ಹಕ್ಕು ನಿಮ್ಮದು.

ಆದರೆ ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರೋದು ಕಷ್ಟ. ಇವತ್ತೇ ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಇಮೇಲ್ ಕೂಡ ಮಾಡಿ. 30 ದಿನ ಕಳೆದರೂ ಕೆಲಸ ಆಗದಿದ್ದರೆ ಕರ್ನಾಟಕ ರೇರಾ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ದೂರು ದಾಖಲಿಸಬಹುದು.

ಅದಕ್ಕೂ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮ ಅಪಾರ್ಟ್‌ಮೆಂಟ್ ರೇರಾದಲ್ಲಿ ನೋಂದಣಿ ಆಗಿದೆಯಾ? ಜಾಗ 500 ಚದರ ಮೀಟರ್ ದಾಟದಿದ್ದರೆ, ಇಲ್ಲವೇ ಮನೆಗಳು 8ಕ್ಕಿಂತ ಜಾಸ್ತಿ ಇಲ್ಲದಿದ್ದರೆ ನೋಂದಣಿ ಬೇಕಿಲ್ಲ. ನಮ್ಮೂರಿನ 40x60 ಸೈಟ್ ಅಂದರೆ ಸುಮಾರು 223 ಚದರ ಮೀಟರ್ ಅಷ್ಟೇ. ಅದರ ಮೇಲೆ ಎದ್ದ ಎಷ್ಟೋ ಕಟ್ಟಡಗಳು ಈ ಲೆಕ್ಕದಲ್ಲಿ ಹೊರಗೇ ಉಳಿಯುತ್ತವೆ. ಜೀವಮಾನದ ಉಳಿತಾಯ ಸುರಿದು ಅಲ್ಲಿ ಮನೆ ತಗೊಳ್ಳುವವರಿಗೇ ರಕ್ಷಣೆ ಹೆಚ್ಚು ಬೇಕು, ಅಲ್ವಾ? ಈ ಮಿತಿ ಇಳಿಯಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮದೂ ಅಂಥ ಕಟ್ಟಡವಾಗಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಿ. ಅಲ್ಲಿ ಸಾಮಾನ್ಯವಾಗಿ 2 ವರ್ಷದೊಳಗೆ ದೂರು ಕೊಡಬೇಕು, ಹಾಗಾಗಿ ತಡ ಮಾಡಬೇಡಿ.

ಇನ್ನು ಬಿರುಕಿನ ವಿಚಾರ. ಅದರ ತುದಿ ಎಲ್ಲಿ ನಿಂತಿದೆಯೋ ಅಲ್ಲಿ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ತಿಂಗಳು ಬಿಟ್ಟು ನೋಡಿ. ಗೆರೆ ದಾಟಿ ಮುಂದೆ ಹೋಗಿದ್ದರೆ, ಅಥವಾ ಬಿರುಕು ಪಿಲ್ಲರ್‌ಗೋ ಬೀಮ್‌ಗೋ ತಗುಲಿದ್ದರೆ ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ವರದಿ ಬರೆಸಿಕೊಳ್ಳಿ. ದೂರಿಗೆ ಅದೇ ದೊಡ್ಡ ಬಲ. ಅಷ್ಟರೊಳಗೆ ಮೇಸ್ತ್ರಿ ಬಂದು ಪುಟ್ಟಿ ಮೆತ್ತಿ ಪೇಂಟ್ ಬಳಿಯಲು ಹೊರಟರೆ, ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ.